ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ನಿಂತ ಅನ್ಯರ ವಾಹನವನ್ನು ಕಾನೂನುಬದ್ಧವಾಗಿ ಟೋ ಮಾಡಿಸುವುದು ಹೇಗೆ: ಬೆಂಗಳೂರಿನ ನಿವಾಸಿಗಳಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನುಗಳ ಸಭೆಯಲ್ಲಿ ನೀರಿನ ಟ್ಯಾಂಕರಿನ ಖರ್ಚಿನಷ್ಟೇ ಬಿಸಿಯಾಗಿ ಚರ್ಚೆಯಾಗುವ ಇನ್ನೊಂದು ವಿಷಯವೆಂದರೆ ಪಾರ್ಕಿಂಗ್. ಕ್ರಯಪತ್ರದಲ್ಲಿ ತಮಗೆಂದು ಬರೆದುಕೊಟ್ಟ ಜಾಗದಲ್ಲಿ ಬೇರೆಯವರ ಕಾರು ನಿಂತಿರುವುದನ್ನು ಕಂಡು, ರಾತ್ರಿ ಕೆಲಸದಿಂದ ಬಂದವರು ಬೀದಿಯಲ್ಲಿ ಗಾಡಿ ನಿಲ್ಲಿಸಿ ಬರಬೇಕಾಗುತ್ತದೆ. ಇನ್ನು ಕೆಲವು ಕಡೆ ಮನೆ ಖಾಲಿ ಮಾಡಿ ಹೋದ ಬಾಡಿಗೆದಾರರ ವಾಹನ ಟೈರು ಕುಸಿದು, ಧೂಳು ಹೊದ್ದು ತಿಂಗಳುಗಟ್ಟಲೆ ಬೇಸ್‌ಮೆಂಟಿನ ಮೂಲೆಯಲ್ಲಿ ಉಳಿದುಬಿಡುತ್ತದೆ. ಎರಡೂ ಸಂದರ್ಭಗಳಲ್ಲಿ ನಿವಾಸಿಗಳು ಕೇಳುವುದು ಒಂದೇ ಪ್ರಶ್ನೆ: ಟೋಯಿಂಗ್ ಗಾಡಿ ಕರೆಸಿ ಎತ್ತಿಸಿಬಿಡಬಹುದಲ್ಲವೇ?

ಎತ್ತಿಸಬಹುದು. ಆದರೆ ರಸ್ತೆಯ ಮೇಲೆ ನಡೆಯುವ ಕಾನೂನು ಕಾಂಪೌಂಡಿನ ಒಳಗೆ ಹಾಗೆಯೇ ನಡೆಯುವುದಿಲ್ಲ. ಕಾಗದಪತ್ರಗಳಿಲ್ಲದೆ, ಕೋಪದ ಭರದಲ್ಲಿ ಟೋಯಿಂಗ್ ಗಾಡಿಯನ್ನು ಕರೆಸಿದವರು ಮರುದಿನ ತಾವೇ ಠಾಣೆಯಲ್ಲಿ ಉತ್ತರ ಕೊಡಬೇಕಾಗಿ ಬರುತ್ತದೆ. ವಾಹನವನ್ನು ಎತ್ತುವ ಕೆಲಸ ಅರ್ಧ ಗಂಟೆಯದಾದರೆ, ಅದಕ್ಕೆ ಮುಂಚಿನ ತಯಾರಿ ಕೆಲವು ವಾರಗಳದ್ದು. ಆ ತಯಾರಿಯನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಜಾಗ ಯಾರದೆಂದು ಮೊದಲು ನಿಶ್ಚಯಿಸಿಕೊಳ್ಳಿ

ಮೋಟಾರು ವಾಹನಗಳ ಕಾಯ್ದೆ, 1988ರ 127ನೇ ಕಲಮು ಟೋಯಿಂಗ್ ಬಗ್ಗೆ ಸ್ಪಷ್ಟವಾಗಿ ಮಾತನಾಡುತ್ತದೆ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಯಾರೂ ನೋಡಿಕೊಳ್ಳುವವರಿಲ್ಲದೆ ಬಿಟ್ಟುಹೋದ ವಾಹನವನ್ನಾಗಲಿ, ನಿಲುಗಡೆ ನಿಷೇಧವಿರುವ ಕಡೆ ನಿಲ್ಲಿಸಿದ ವಾಹನವನ್ನಾಗಲಿ ತೆರವುಗೊಳಿಸಲು, ಆ ಪ್ರದೇಶದ ಅಧಿಕಾರವ್ಯಾಪ್ತಿಯುಳ್ಳ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ಟೋಯಿಂಗ್ ವೆಚ್ಚವನ್ನು ವಾಹನದ ಮಾಲೀಕರೇ ಭರಿಸಬೇಕು. ಇದೇ ಕಾಯ್ದೆಯ 2ನೇ ಕಲಮಿನ 34ನೇ ಉಪಕಲಮಿನ ಪ್ರಕಾರ ಸಾರ್ವಜನಿಕ ಸ್ಥಳವೆಂದರೆ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗ. ಗೇಟಿನಲ್ಲಿ ಸೆಕ್ಯುರಿಟಿಯವರು ಹೆಸರು ಬರೆಸಿಕೊಂಡು ಒಳಗೆ ಬಿಡುವ ಬೇಸ್‌ಮೆಂಟು ಸಾಮಾನ್ಯವಾಗಿ ಈ ಅರ್ಥದೊಳಗೆ ಬರುವುದಿಲ್ಲ. ಆದ್ದರಿಂದಲೇ ಸಂಚಾರ ಪೊಲೀಸರಿಗೆ ಕರೆ ಮಾಡಿದಾಗ ಅವರು "ಅದು ನಿಮ್ಮ ಆವರಣದ ಒಳಗಿನ ವಿಷಯ" ಎನ್ನುತ್ತಾರೆ. ಬೇಸರ ತರಿಸುವ ಉತ್ತರವಾದರೂ ಅದರಲ್ಲಿ ತಪ್ಪಿಲ್ಲ.

ಗೇಟಿನ ಎದುರಿನ ರಸ್ತೆಯಲ್ಲಿ ನಿಂತು ನಿಮ್ಮ ದಾರಿ ಕಟ್ಟಿದ ವಾಹನದ ವಿಷಯ ಬೇರೆ. ಅಲ್ಲಿ 127ನೇ ಕಲಮು ನೇರವಾಗಿ ಅನ್ವಯಿಸುತ್ತದೆ. ಸಂಚಾರ ಠಾಣೆಗೆ ಅಥವಾ 112ಕ್ಕೆ ಕರೆ ಮಾಡಿದರೆ ಸಾಕು. ಬೆಂಗಳೂರಿನಲ್ಲಿ 2022ರ ಫೆಬ್ರವರಿಯಲ್ಲಿ ಸಾರ್ವಜನಿಕರ ಆಕ್ರೋಶದ ನಂತರ ಸಂಚಾರ ಪೊಲೀಸರ ದಿನನಿತ್ಯದ ಟೋಯಿಂಗ್ ವ್ಯವಸ್ಥೆಯನ್ನು ಸ್ಥಗಿತಗೊಳಿಸಲಾಗಿತ್ತು. ಆದರೆ ಕಾಯ್ದೆಯಲ್ಲಿರುವ ಅಧಿಕಾರ ಅದರಿಂದ ರದ್ದಾಗಲಿಲ್ಲವೆಂಬುದನ್ನು ನೆನಪಿಡಬೇಕು.

ಈ ಎರಡರ ನಡುವೆ ಬರುವವು ಗೇಟು ಹಾಕಿಕೊಂಡ ಬಡಾವಣೆಗಳು. ಬಡಾವಣೆಯ ನಕ್ಷೆಗೆ ಅನುಮೋದನೆ ಪಡೆಯುವಾಗ ಒಳರಸ್ತೆಗಳನ್ನೂ ಉದ್ಯಾನಗಳನ್ನೂ ಪ್ರಾಧಿಕಾರಕ್ಕೆ ಅಥವಾ ಸ್ಥಳೀಯ ಸಂಸ್ಥೆಗೆ ಪರಿತ್ಯಾಜನ ಪತ್ರದ ಮೂಲಕ ಬಿಟ್ಟುಕೊಟ್ಟಿದ್ದರೆ, ಮುಂದೆ ಗೇಟು ನಿಂತಿದ್ದರೂ ಆ ರಸ್ತೆ ಸಾರ್ವಜನಿಕರದೇ. ಅಂಥ ಕಡೆ ಅಸೋಸಿಯೇಷನ್ ತಾನಾಗಿ ಟೋ ಮಾಡಿಸುವ ಯೋಚನೆಯನ್ನೇ ಬಿಟ್ಟು ಪೊಲೀಸರ ಮೂಲಕ ಹೋಗಬೇಕು. ಅನುಮೋದಿತ ನಕ್ಷೆಯ ಪ್ರತಿಯನ್ನು ಒಮ್ಮೆ ತೆಗೆದು ನೋಡಿದರೆ ಈ ಅನುಮಾನ ಬಗೆಹರಿಯುತ್ತದೆ.

ಆವರಣದ ಒಳಗೇ ಇರುವ ಜಾಗವಾದರೆ, ಅದರ ಮೇಲೆ ನಿಮ್ಮ ಹಕ್ಕಿನ ದಾಖಲೆ ಯಾವುದೆಂದು ನೋಡಿ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ, ಘೋಷಣಾ ಪತ್ರದಲ್ಲಿ (ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ನೋಂದಾಯಿತ ಪತ್ರ, ಡೀಡ್ ಆಫ್ ಡಿಕ್ಲರೇಷನ್) ಬೇರೆ ರೀತಿ ಹೇಳದಿದ್ದರೆ, ಬೇಸ್‌ಮೆಂಟು ಮತ್ತು ಪಾರ್ಕಿಂಗ್ ಪ್ರದೇಶಗಳು ಎಲ್ಲ ಮಾಲೀಕರಿಗೂ ಸೇರಿದ ಸಾಮಾನ್ಯ ಪ್ರದೇಶಗಳೇ. 2010ರಲ್ಲಿ ಸುಪ್ರೀಂ ಕೋರ್ಟ್ ನಹಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಮಹಾರಾಷ್ಟ್ರದ ಫ್ಲ್ಯಾಟ್ ಕಾಯ್ದೆಯನ್ನು ಅರ್ಥೈಸುತ್ತಾ, ತೆರೆದ ಜಾಗವನ್ನಾಗಲಿ ಸ್ಟಿಲ್ಟ್ ಪಾರ್ಕಿಂಗನ್ನಾಗಲಿ (ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ಜಾಗ) ಬಿಲ್ಡರ್ ಪ್ರತ್ಯೇಕ ಸ್ವತ್ತಿನಂತೆ ಮಾರುವಂತಿಲ್ಲ ಎಂದು ಹೇಳಿತು. ಹೀಗಾಗಿ ನಿಮ್ಮ ಕೈಯಲ್ಲಿರುವುದು ಬಹುಮಟ್ಟಿಗೆ ಆ ಜಾಗವನ್ನು ಬಳಸುವ ಹಕ್ಕು. ಕ್ರಯಪತ್ರದಲ್ಲಿರುವ ಪಾರ್ಕಿಂಗ್ ಉಲ್ಲೇಖ, ಹಂಚಿಕೆ ಪತ್ರ ಅಥವಾ ಅಸೋಸಿಯೇಷನ್ನಿನ ಪಾರ್ಕಿಂಗ್ ನಕ್ಷೆ, ಇವುಗಳಲ್ಲಿ ಒಂದಾದರೂ ಇರಲೇಬೇಕು. ಬಾಡಿಗೆದಾರರಾಗಿದ್ದರೆ ಕರಾರುಪತ್ರದಲ್ಲಿ ಪಾರ್ಕಿಂಗ್ ಸಂಖ್ಯೆ ನಮೂದಾಗಿದೆಯೇ ಎಂದು ಪರೀಕ್ಷಿಸಿ; ಇಲ್ಲದಿದ್ದರೆ ಮನೆ ಮಾಲೀಕರಿಂದ ಒಂದು ಪತ್ರ ಬರೆಸಿಕೊಳ್ಳಿ, ಏಕೆಂದರೆ ದೂರಿನ ಮೊದಲ ಸಾಲಿನಲ್ಲೇ ಈ ಆಧಾರ ಬೇಕಾಗುತ್ತದೆ.

ಈ ಕ್ಷಣವೇ ದಾರಿ ಕಟ್ಟಿದ್ದರೆ

ಆಸ್ಪತ್ರೆಗೆ ಹೊರಟಿದ್ದೀರಿ, ಹಿಂದೆ ಯಾರದೋ ಕಾರು ಅಡ್ಡ ನಿಂತಿದೆ. ಆಗ ನೋಟಿಸು, ನಿರ್ಣಯಗಳಿಗೆ ಸಮಯವಿಲ್ಲ. ಗೇಟಿನ ರಿಜಿಸ್ಟರಿನಲ್ಲಿ ಅಥವಾ ಗೇಟ್ ಆ್ಯಪಿನಲ್ಲಿ ಆ ವಾಹನದ ಸಂಖ್ಯೆಯ ಎದುರು ಯಾವ ಫ್ಲ್ಯಾಟಿನ ಹೆಸರಿದೆಯೆಂದು ಸೆಕ್ಯುರಿಟಿಯವರಿಂದ ನೋಡಿಸಿ, ಇಂಟರ್‌ಕಾಮಿನಲ್ಲಿ ಕರೆ ಮಾಡಿಸಿ. ಜೊತೆಜೊತೆಗೇ ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿ. ಬಹುಪಾಲು ಪ್ರಕರಣಗಳು ಇಲ್ಲಿಯೇ ಮುಗಿಯುತ್ತವೆ. ಜಾಗ ಕಿರಿದಾದ ಅಪಾರ್ಟ್‌ಮೆಂಟುಗಳಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ, ನ್ಯೂಟ್ರಲ್‌ನಲ್ಲಿ ಬಿಟ್ಟು, ಬೇಕಾದವರು ತಳ್ಳಿಕೊಳ್ಳಲಿ ಎಂದು ಅಡ್ಡ ನಿಲ್ಲಿಸುವ ರೂಢಿಯಿದೆ. ಹಾಗೆ ನಿಲ್ಲಿಸಿದ ಕಾರನ್ನು ಇಬ್ಬರು ಸೇರಿ, ಒಬ್ಬರು ಚಕ್ರಕ್ಕೆ ಅಡ್ಡ ಕೊಡಲು ಕಲ್ಲೋ ಮರದ ತುಂಡೋ ಹಿಡಿದು ತಳ್ಳಬಹುದು. ಆದರೆ ಇಳಿಜಾರಿನಲ್ಲಿ ಎಂದಿಗೂ ತಳ್ಳಬೇಡಿ.

ಯಾರೂ ಸಿಗದಿದ್ದರೆ 112ಕ್ಕೆ ಕರೆ ಮಾಡಿ, ತುರ್ತು ಏನೆಂದು ಸ್ಪಷ್ಟವಾಗಿ ಹೇಳಿ. ಒಬ್ಬ ವ್ಯಕ್ತಿಗೆ ಹೋಗಲು ಹಕ್ಕಿರುವ ದಿಕ್ಕಿನಲ್ಲಿ ಹೋಗದಂತೆ ಬೇಕೆಂದೇ ತಡೆಯುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನ ಪ್ರಕಾರ ಅಕ್ರಮ ತಡೆ. ಅದಕ್ಕೆ ಒಂದು ತಿಂಗಳವರೆಗಿನ ಸಾದಾ ಸೆರೆವಾಸ, 5,000 ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮರೆತು ನಿಲ್ಲಿಸಿ ಹೋದವರಿಗೆ ಇದು ಅನ್ವಯಿಸುವುದು ಕಷ್ಟ. ಆದರೆ ಹೇಳಿದ ಮೇಲೂ "ತೆಗೆಯುವುದಿಲ್ಲ, ಏನು ಬೇಕಾದರೂ ಮಾಡಿಕೊಳ್ಳಿ" ಎಂದವರ ಎದುರು ಈ ಕಲಮಿಗೆ ಬೆಲೆಯಿದೆ.

ಏನೇ ಆದರೂ ಟೈರಿನ ಗಾಳಿ ತೆಗೆಯಬೇಡಿ, ವೈಪರ್ ಮುರಿಯಬೇಡಿ, ಚಕ್ರಕ್ಕೆ ಸರಪಳಿ ಬಿಗಿಯಬೇಡಿ. ಮೊದಲಿನ ಎರಡು ಕೆಲಸಗಳಿಂದ ನಿಮ್ಮ ಮೇಲೆಯೇ ನ್ಯಾಯ ಸಂಹಿತೆಯ 324ನೇ ಕಲಮಿನ ಕಿಡಿಗೇಡಿತನದ ದೂರು ಬರಬಹುದು. ಚಕ್ರಕ್ಕೆ ಬೀಗ ಹಾಕುವ ಪದ್ಧತಿಯನ್ನು ಹಲವು ಅಸೋಸಿಯೇಷನ್ನುಗಳು ಬೈಲಾದಲ್ಲಿ ಬರೆದುಕೊಂಡಿವೆಯಾದರೂ, ಜಾಗ ತೆರವಾಗಬೇಕೆಂದು ಹೊರಟವರು ಅದೇ ಜಾಗದಲ್ಲಿ ವಾಹನವನ್ನು ಕಟ್ಟಿಹಾಕುವುದರಲ್ಲಿ ಅರ್ಥವಿಲ್ಲ. ಹೊರಗಿನವರ ವಾಹನಕ್ಕೆ ಬೀಗ ಹಾಕಿ ಹಣ ಕೇಳಿದರಂತೂ ಅದು ಸುಲಿಗೆಯ ಆರೋಪಕ್ಕೆ ದಾರಿ ಮಾಡಿಕೊಡುತ್ತದೆ.

ವಾಹನ ಯಾರದೆಂದು ಪತ್ತೆ ಮಾಡುವುದು

ದಿನಗಟ್ಟಲೆ ನಿಂತ ವಾಹನದ ವಿಷಯದಲ್ಲಿ ಮೊದಲ ಕೆಲಸ ಮಾಲೀಕರನ್ನು ಹುಡುಕುವುದು. ನೋಂದಣಿ ಸಂಖ್ಯೆಯ ಆರಂಭವೇ ಒಂದು ಸುಳಿವು. ಕೆಎ-01 ಕೋರಮಂಗಲ, 02 ರಾಜಾಜಿನಗರ, 03 ಇಂದಿರಾನಗರ, 04 ಯಶವಂತಪುರ, 05 ಜಯನಗರ, 51 ಎಲೆಕ್ಟ್ರಾನಿಕ್ ಸಿಟಿ, 53 ಕೆ.ಆರ್.ಪುರ. ಎಂಪರಿವಾಹನ್ ಆ್ಯಪಿನಲ್ಲಿ ಅಥವಾ ಪರಿವಾಹನ್ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ವಾಹನದ ಮಾದರಿ, ನೋಂದಣಿ ಕಚೇರಿ, ವಿಮೆಯ ಅವಧಿ ಮುಂತಾದವು ಕಾಣುತ್ತವೆ; ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಮಾತ್ರ ತೋರಿಸಿ ಉಳಿದವನ್ನು ನಕ್ಷತ್ರ ಚಿಹ್ನೆಗಳಿಂದ ಮುಚ್ಚಿರುತ್ತಾರೆ. ವಿಳಾಸ, ಫೋನ್ ಸಂಖ್ಯೆ ಸಾರ್ವಜನಿಕರಿಗೆ ಸಿಗುವುದಿಲ್ಲ, ಸಿಗಬಾರದು ಕೂಡ. ಆದರೂ ಆ ನಾಲ್ಕು ಅಕ್ಷರಗಳನ್ನು ನಿವಾಸಿಗಳ ಮತ್ತು ಹಿಂದಿನ ಬಾಡಿಗೆದಾರರ ಪಟ್ಟಿಯ ಜೊತೆ ಹೋಲಿಸಿ ನೋಡಿದರೆ ಎಷ್ಟೋ ವೇಳೆ ವ್ಯಕ್ತಿ ಯಾರೆಂದು ಗೊತ್ತಾಗುತ್ತದೆ. ಗಾಜಿನ ಮೇಲಿನ ಹಳೆಯ ಕಂಪನಿಯ ಪಾರ್ಕಿಂಗ್ ಸ್ಟಿಕರ್, ಸರ್ವಿಸ್ ಸೆಂಟರಿನ ಚೀಟಿ, ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಲಕೋಟೆ, ಇವನ್ನು ಹೊರಗಿನಿಂದಲೇ ನೋಡಿ ಬರೆದುಕೊಳ್ಳಿ; ಬಾಗಿಲು ತೆರೆದಿದ್ದರೂ ಒಳಗೆ ಕೈ ಹಾಕಬೇಡಿ.

ದಾಖಲೆಯಲ್ಲಿ ಹೆಸರಿರುವವರು "ನಾನು ಅದನ್ನು ಮಾರಿ ಎರಡು ವರ್ಷವಾಯಿತು" ಎಂದು ಕೈತೊಳೆದುಕೊಳ್ಳುವುದುಂಟು. ಹೆಸರು ವರ್ಗಾವಣೆಯಾಗದಿದ್ದರೆ ಮೋಟಾರು ವಾಹನಗಳ ಕಾಯ್ದೆಯ ದೃಷ್ಟಿಯಲ್ಲಿ ನೋಂದಾಯಿತ ವ್ಯಕ್ತಿಯೇ ಮಾಲೀಕರು. 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಈ ಮಾತನ್ನು ಸೌಮ್ಯವಾಗಿ ತಿಳಿಸಿದರೆ ಅವರೇ ಖರೀದಿದಾರರನ್ನು ಹುಡುಕಿ ಕರೆತರುತ್ತಾರೆ. ಮುಂದಿನ ಅಪಘಾತದ ಹೊಣೆ ತಮ್ಮ ತಲೆಗೆ ಬರುತ್ತದೆಂದು ತಿಳಿದ ಮೇಲೆ ಯಾರೂ ಸುಮ್ಮನಿರುವುದಿಲ್ಲ.

ನಂಬರ್ ಪ್ಲೇಟ್ ಇಲ್ಲದ, ಪ್ಲೇಟಿನ ಸಂಖ್ಯೆಗೂ ಆ್ಯಪಿನಲ್ಲಿ ತೋರಿಸುವ ಮಾದರಿಗೂ ಹೊಂದಾಣಿಕೆಯಿಲ್ಲದ, ಅಥವಾ ಲಾಕು ಒಡೆದಂತೆ ಕಾಣುವ ವಾಹನವಾದರೆ ಈ ಮಾರ್ಗದರ್ಶಿಯ ಉಳಿದ ಹೆಜ್ಜೆಗಳನ್ನೆಲ್ಲ ಬಿಟ್ಟು ಅದೇ ದಿನ ಠಾಣೆಗೆ ತಿಳಿಸಬೇಕು. ಕದ್ದ ಮಾಲೆಂದು ಸಂಶಯವಿರುವ ಸ್ವತ್ತನ್ನು ವಶಪಡಿಸಿಕೊಳ್ಳುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನ ಪ್ರಕಾರ ಪೊಲೀಸರಿಗಿದೆ. ಅಂಥ ವಾಹನವನ್ನು ನೀವು ಮುಟ್ಟಿದರೆ ಸಾಕ್ಷ್ಯ ಹಾಳಾಗುತ್ತದೆ.

ಸ್ಥಿತಿಯನ್ನು ದಾಖಲಿಸುವುದು

ಮುಂದೆ ಎದುರಾಗುವ ಪ್ರತಿ ವಿವಾದವೂ "ನನ್ನ ಗಾಡಿಗೆ ಈ ಗೀರು ಮೊದಲಿರಲಿಲ್ಲ" ಎಂಬ ಮಾತಿನಿಂದ ಶುರುವಾಗುತ್ತದೆ. ಆದುದರಿಂದ ಫೋಟೊ ತೆಗೆಯುವ ಕೆಲಸವನ್ನು ಸೆಕ್ಯುರಿಟಿಯವರಿಗೆ ವಹಿಸದೆ ಸಮಿತಿಯ ಇಬ್ಬರು ಹೋಗಿ ಮಾಡಬೇಕು. ನಾಲ್ಕೂ ಬದಿ, ನಾಲ್ಕೂ ಚಕ್ರ, ಬಂಪರಿನ ಕೆಳಭಾಗ, ಗಾಜುಗಳು, ಈಗಾಗಲೇ ಇರುವ ಗೀರು ಮತ್ತು ತಗ್ಗುಗಳನ್ನು ಹತ್ತಿರದಿಂದ ತೆಗೆಯಿರಿ. ಕಂಬದ ಮೇಲೆ ಬರೆದ ಪಾರ್ಕಿಂಗ್ ಸಂಖ್ಯೆಯೂ ವಾಹನವೂ ಒಂದೇ ಚೌಕಟ್ಟಿನಲ್ಲಿ ಕಾಣುವ ಒಂದು ಫೋಟೊ ಕಡ್ಡಾಯವಾಗಿ ಇರಲಿ. ಧೂಳು ಒರೆಸಬೇಡಿ, ಏಕೆಂದರೆ ವಾಹನ ಎಷ್ಟು ಕಾಲದಿಂದ ಕದಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕೊನೆಗೆ ಒಂದು ಸುತ್ತು ನಿಲ್ಲಿಸದೆ ವಿಡಿಯೊ ಮಾಡಿ. ಸಿಸಿಟಿವಿ ದೃಶ್ಯಗಳು ಕೆಲವು ವಾರಗಳಲ್ಲಿ ತಾವಾಗಿ ಅಳಿಸಿಹೋಗುವುದರಿಂದ, ವಾಹನ ಒಳಬಂದ ದಿನ ತಿಳಿದಿದ್ದರೆ ಆ ಭಾಗವನ್ನು ಕೂಡಲೇ ಪ್ರತ್ಯೇಕವಾಗಿ ಉಳಿಸಿಕೊಳ್ಳಿ.

ಅಸೋಸಿಯೇಷನ್ನಿಗೆ ಅಧಿಕಾರ ಎಲ್ಲಿಂದ ಬರುತ್ತದೆ

ಈ ವಿಷಯವನ್ನು ಹಲವು ಸಮಿತಿಗಳು ಕಡೆಗಣಿಸುತ್ತವೆ. ಖಾಸಗಿ ಆವರಣದಲ್ಲಿ ವಾಹನ ತೆರವು ಮಾಡಿಸಲು ಅಸೋಸಿಯೇಷನ್ನಿಗೆ ಪೊಲೀಸರಿಗಿರುವಂಥ ಶಾಸನಬದ್ಧ ಅಧಿಕಾರವಿಲ್ಲ. ಅದಕ್ಕಿರುವ ಬಲವೆಲ್ಲ ನಿವಾಸಿಗಳು ಮುಂಚಿತವಾಗಿ ಕೊಟ್ಟ ಒಪ್ಪಿಗೆಯಿಂದ ಬರುವಂಥದು. ಆದ್ದರಿಂದ ಅಂಥ ಒಪ್ಪಿಗೆಯನ್ನು ಸಮಸ್ಯೆ ಹುಟ್ಟುವುದಕ್ಕೆ ಮುಂಚೆಯೇ ಬರವಣಿಗೆಯಲ್ಲಿ ಪಡೆದಿರಬೇಕು.

ಸರ್ವಸದಸ್ಯರ ಸಭೆಯಲ್ಲಿ ಪಾರ್ಕಿಂಗ್ ನಿಯಮಗಳನ್ನು ಮಂಡಿಸಿ, ಕೋರಂ ಇರುವುದನ್ನು ಖಚಿತಪಡಿಸಿಕೊಂಡು ನಿರ್ಣಯ ಅಂಗೀಕರಿಸಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ಯಾವ ವಾಹನವನ್ನು ಅನಧಿಕೃತವೆಂದು ಪರಿಗಣಿಸಲಾಗುತ್ತದೆ, ಎಷ್ಟು ದಿನಗಳ ನೋಟಿಸು ಕೊಡಲಾಗುತ್ತದೆ, ವಾಹನವನ್ನು ಎಲ್ಲಿಗೆ ಸ್ಥಳಾಂತರಿಸಲಾಗುತ್ತದೆ, ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬ ನಾಲ್ಕು ಅಂಶಗಳಲ್ಲಿ ಒಂದನ್ನೂ ಅಸ್ಪಷ್ಟವಾಗಿ ಬಿಡಬಾರದು. ಬೈಲಾವನ್ನೇ ತಿದ್ದುವುದಾದರೆ ನಿಮ್ಮ ಸಂಘ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇದೆಯೋ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಇದೆಯೋ ಎಂಬುದನ್ನು ನೋಡಿಕೊಂಡು ಆಯಾ ಕಾಯ್ದೆಯ ವಿಧಾನವನ್ನೇ ಅನುಸರಿಸಬೇಕು. ನಂತರ ಪ್ರತಿ ಮನೆಯಿಂದಲೂ ವಾಹನಗಳ ಸಂಖ್ಯೆಯೊಂದಿಗೆ ಸಹಿ ಮಾಡಿದ ಒಪ್ಪಿಗೆ ಪತ್ರ ಪಡೆಯಿರಿ. ಬಾಡಿಗೆದಾರರು ಬಂದಾಗ ಕೊಡುವ ನಮೂನೆಯಲ್ಲಿಯೇ ಇದನ್ನು ಸೇರಿಸಿಬಿಟ್ಟರೆ ಪ್ರತ್ಯೇಕವಾಗಿ ಬೆನ್ನು ಹತ್ತುವ ಕೆಲಸ ತಪ್ಪುತ್ತದೆ. ಅತಿಥಿಗಳು ಸಹಿ ಮಾಡುವುದಿಲ್ಲವಾದ್ದರಿಂದ ಅವರಿಗಾಗಿ ಗೇಟಿನಲ್ಲಿ, ಒಳಗೆ ಬರುವ ಮೊದಲೇ ಕಾಣುವಂತೆ, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಫಲಕ ಹಾಕಿಸಬೇಕು.

ನೋಟಿಸು

ಖಾಸಗಿ ಆವರಣಕ್ಕೆ ಇಂತಿಷ್ಟೇ ದಿನಗಳ ನೋಟಿಸು ಕೊಡಬೇಕೆಂದು ಮೋಟಾರು ವಾಹನಗಳ ಕಾಯ್ದೆ ಹೇಳುವುದಿಲ್ಲ. ಮೊದಲ ನೋಟಿಸಿಗೆ 7 ದಿನ, ಎರಡನೆಯದಕ್ಕೆ 15 ದಿನ ಕೊಡುವುದು ನ್ಯಾಯವೆಂದು ನನಗೆ ತೋರುತ್ತದೆ. ಊರಿಗೆ ಹೋದವರು, ಆಸ್ಪತ್ರೆ ಸೇರಿದವರು ಮರಳಿ ಬರಲು ಅಷ್ಟು ಕಾಲವಾದರೂ ಬೇಕು. ನೋಟಿಸನ್ನು ಗಮ್ ಹಚ್ಚಿ ಗಾಜಿಗೆ ಅಂಟಿಸದೆ, ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು, ಸುಲಭವಾಗಿ ಬಿಡಿಸಬಹುದಾದ ಟೇಪಿನಿಂದ ಪಕ್ಕದ ಗಾಜಿಗೆ ಹಚ್ಚಿ, ಹಚ್ಚಿದ್ದರ ಫೋಟೊ ತೆಗೆಯಿರಿ. ವಿಳಾಸ ತಿಳಿದಿದ್ದರೆ ಅದರ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬರಹ ಹೀಗಿದ್ದರೆ ಸಾಕು:

"ಕೆಎ-05 ... ಸಂಖ್ಯೆಯ ಬೂದು ಬಣ್ಣದ ಈ ಕಾರು ನಮ್ಮ ಆವರಣದ ಕೆಳ ಬೇಸ್‌ಮೆಂಟಿನ 14ನೇ ಪಾರ್ಕಿಂಗ್ ಜಾಗದಲ್ಲಿ, ಆ ಜಾಗದ ಹಕ್ಕುದಾರರ ಅನುಮತಿಯಿಲ್ಲದೆ, ದಿನಾಂಕ ... ರಿಂದ ನಿಂತಿರುವುದು ಕಂಡುಬಂದಿದೆ. ಈ ನೋಟಿಸಿನ ದಿನಾಂಕದಿಂದ 7 ದಿನಗಳೊಳಗೆ ವಾಹನವನ್ನು ತೆರವುಗೊಳಿಸಬೇಕಾಗಿ ಅಥವಾ ಕೆಳಗಿನ ಸಂಖ್ಯೆಗೆ ಕರೆ ಮಾಡಿ ಕಾರಣ ತಿಳಿಸಬೇಕಾಗಿ ಕೋರುತ್ತೇವೆ. ತಪ್ಪಿದಲ್ಲಿ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ, ವಾಹನವನ್ನು ಸುರಕ್ಷಿತವಾಗಿ ಸ್ಥಳಾಂತರಿಸಲಾಗುವುದು. ಅದರ ವೆಚ್ಚ ಮಾಲೀಕರದಾಗಿರುತ್ತದೆ."

ಬೆದರಿಕೆಯ ಮಾತು, ದೊಡ್ಡ ಅಕ್ಷರದ ಎಚ್ಚರಿಕೆ, ಗುಜರಿಗೆ ಹಾಕುತ್ತೇವೆಂಬ ಸಾಲು ಇವೆಲ್ಲ ಬೇಡ. ಈ ಹಾಳೆಯನ್ನು ಮುಂದೊಂದು ದಿನ ನ್ಯಾಯಾಧೀಶರೂ ಓದಬಹುದು.

ಠಾಣೆಗೆ ಹೋಗುವುದು

ಎರಡನೇ ನೋಟಿಸಿನ ಅವಧಿ ಮುಗಿದ ಮೇಲೆ ಸಂಚಾರ ಠಾಣೆಗಲ್ಲ, ನಿಮ್ಮ ಪ್ರದೇಶದ ಕಾನೂನು ಮತ್ತು ಸುವ್ಯವಸ್ಥೆ ಠಾಣೆಗೆ ಅಸೋಸಿಯೇಷನ್ನಿನ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಕೊಡಿ. ಅರ್ಜಿಯಲ್ಲಿ ಬೇಡಿಕೆಗಳು ಸ್ಪಷ್ಟವಾಗಿರಬೇಕು: ವಾಹನ ಕಳವಿನ ದೂರಿನಲ್ಲಿ ಅಥವಾ ಬೇರೆ ಅಪರಾಧದಲ್ಲಿ ಬೇಕಾದದ್ದೇ ಎಂದು ಪರಿಶೀಲಿಸಬೇಕು, ಸಾರಿಗೆ ಇಲಾಖೆಯ ದಾಖಲೆಯಿಂದ ಮಾಲೀಕರನ್ನು ಪತ್ತೆ ಮಾಡಿ ತಿಳಿಸಬೇಕು, ಇಂಥ ದಿನ ಇಂಥ ಜಾಗಕ್ಕೆ ಸ್ಥಳಾಂತರಿಸಲಿದ್ದೇವೆ, ಆಕ್ಷೇಪಣೆಯಿದ್ದರೆ ತಿಳಿಸಬೇಕು. ಹಕ್ಕಿನ ದಾಖಲೆ, ಫೋಟೊಗಳು, ಎರಡೂ ನೋಟಿಸು ಮತ್ತು ಸಭೆಯ ನಿರ್ಣಯದ ಪ್ರತಿಯನ್ನು ಲಗತ್ತಿಸಿ.

ಅರ್ಜಿಯ ಎರಡನೇ ಪ್ರತಿಯ ಮೇಲೆ ಠಾಣೆಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಹೊರಡಬೇಡಿ. ಇದು ಸಂಜ್ಞೇಯವಲ್ಲದ, ಎಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ವಿಷಯವೆಂದು ಠಾಣೆಯವರು ಹೇಳಿದರೆ, ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಮಿನಂತೆ ಮಾಹಿತಿಯನ್ನು ದಾಖಲಿಸಿಕೊಂಡು ಹಿಂಬರಹ (ಲಿಖಿತ ಉತ್ತರ) ಕೊಡುವಂತೆ ವಿನಂತಿಸಿ. ಠಾಣೆಯವರಿಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಗಳ ಆದ್ಯತೆಯ ಕೆಲಸವಲ್ಲ, ಹೀಗಾಗಿ ಎರಡು ಮೂರು ಬಾರಿ ಅಲೆಯಬೇಕಾಗಬಹುದು. ಆದರೂ ಈ ಹೆಜ್ಜೆಯನ್ನು ಬಿಡುವಂತಿಲ್ಲ. ಮಾಲೀಕರು ನಂತರ ಬಂದು "ನನ್ನ ಕಾರು ಕಳುವಾಗಿದೆ" ಎಂದು ಅದೇ ಠಾಣೆಯಲ್ಲಿ ದೂರು ಕೊಟ್ಟಾಗ, ಕದಿಯುವ ಉದ್ದೇಶ ನಿಮಗಿರಲಿಲ್ಲವೆಂದು ಹೇಳುವುದು ಆ ಮೊಹರೇ.

ಎಲ್ಲಿಗೆ ಸ್ಥಳಾಂತರಿಸಬೇಕು

ಆವರಣದ ಹೊರಗೆ ಒಯ್ಯುವುದಕ್ಕಿಂತ ಆವರಣದೊಳಗೇ ಯಾರಿಗೂ ತೊಂದರೆಯಾಗದ ಮೂಲೆಗೆ, ಅಸೋಸಿಯೇಷನ್ನಿನದೇ ಆದ ಅತಿಥಿ ಪಾರ್ಕಿಂಗ್ ಜಾಗಕ್ಕೆ ಸರಿಸುವುದು ಎಲ್ಲ ರೀತಿಯಲ್ಲೂ ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. ಜಾಗದ ಹಕ್ಕುದಾರರಿಗೆ ಅವರ ಜಾಗ ಸಿಗುತ್ತದೆ, ಮಾಲೀಕರಿಗೆ ಅವರ ವಾಹನ ಇದ್ದ ಆವರಣದಲ್ಲೇ ಇರುತ್ತದೆ, ಖರ್ಚೂ ಕಡಿಮೆ. ಸಾರ್ವಜನಿಕ ರಸ್ತೆಗೆ ತಳ್ಳಿಬಿಡುವುದು ಮಾತ್ರ ಸರ್ವಥಾ ತಪ್ಪು: ಸಮಸ್ಯೆಯನ್ನು ಬೀದಿಯವರ ಮೇಲೆ ಹೇರಿದಂತಾಗುತ್ತದೆ, ವಾಹನ ಕಳುವಾದರೆ ಹೊಣೆ ನಿಮ್ಮ ಮೇಲೆ ಬರುತ್ತದೆ. ಹೊರಗೆ ಒಯ್ಯಲೇಬೇಕಾದರೆ ಠಾಣೆಯವರು ಬರವಣಿಗೆಯಲ್ಲಿ ಸೂಚಿಸಿದ ಜಾಗಕ್ಕೆ ಅಥವಾ ಮಾಲೀಕರೇ ಒಪ್ಪಿದ ವಿಳಾಸಕ್ಕೆ ಮಾತ್ರ ಒಯ್ಯಿರಿ.

ತಂಗುವ ಜಾಗ ಆಯ್ಕೆ ಮಾಡುವಾಗ ಅಗ್ನಿಶಾಮಕ ವಾಹನದ ದಾರಿಯನ್ನು ಕಟ್ಟದಂತೆ ನೋಡಿಕೊಳ್ಳಿ. ಎತ್ತರದ ಕಟ್ಟಡಗಳ ಸುತ್ತ 6 ಮೀಟರ್ ಅಗಲದ ದಾರಿ ತೆರವಾಗಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ, 2016 ಹೇಳುತ್ತದೆ. ಟ್ರಾನ್ಸ್‌ಫಾರ್ಮರ್, ಜನರೇಟರ್, ಗ್ಯಾಸ್ ಬ್ಯಾಂಕುಗಳ ಪಕ್ಕವೂ ಬೇಡ. ಹಳೆಯ ವಾಹನದ ಪೆಟ್ರೋಲ್ ಪೈಪು ಯಾವಾಗ ಸೋರುತ್ತದೆಂದು ಹೇಳಲಾಗದು.

ಟೋಯಿಂಗ್ ದಿನ

ಬೇಸ್‌ಮೆಂಟಿನಿಂದ ವಾಹನ ತೆಗೆಯುವ ಕೆಲಸ ರಸ್ತೆಯ ಮೇಲಿನ ಟೋಯಿಂಗಿನಂತಲ್ಲ. ಫ್ಲ್ಯಾಟ್‌ಬೆಡ್ ಲಾರಿ ಬೇಸ್‌ಮೆಂಟಿನ ಎತ್ತರಕ್ಕೆ ಹಿಡಿಸುವುದೇ ಇಲ್ಲ. ಆದ್ದರಿಂದ ಕರೆ ಮಾಡುವಾಗಲೇ ಬೇಸ್‌ಮೆಂಟಿನ ಎತ್ತರ, ಇಳಿಜಾರಿನ ಅಗಲ ಮತ್ತು ತಿರುವು, ವಾಹನದ ಮಾದರಿ, ಗೇರು ಮ್ಯಾನುಯಲ್ಲೋ ಆಟೊಮ್ಯಾಟಿಕ್ಕೋ, ಟೈರುಗಳ ಸ್ಥಿತಿ ಏನು ಎಂಬುದನ್ನೆಲ್ಲ ತಿಳಿಸಿ, ಚಕ್ರದ ಡಾಲಿಗಳನ್ನು ತರುವಂತೆ ಹೇಳಬೇಕು. ಈ ಡಾಲಿ ಎಂಬುದು ಸಣ್ಣ ಗಾಲಿಗಳ ಮೇಲೆ ಕೂರಿಸಿದ ಉಕ್ಕಿನ ತಟ್ಟೆ. ಜಾಕಿನಿಂದ ಒಂದೊಂದೇ ಚಕ್ರವನ್ನು ಎತ್ತಿ ಕೆಳಗೆ ಸರಿಸಿದರೆ, ಕೀಲಿಯಿಲ್ಲದಿದ್ದರೂ, ಹ್ಯಾಂಡ್‌ಬ್ರೇಕ್ ಬಿಗಿದಿದ್ದರೂ, ಸ್ಟಿಯರಿಂಗ್ ಲಾಕ್ ಆಗಿದ್ದರೂ ವಾಹನ ಅಡ್ಡಡ್ಡವಾಗಿಯೂ ಜರುಗುತ್ತದೆ. ನೆಲ ಸಮತಟ್ಟಾಗಿದ್ದರೆ ನಾಲ್ಕು ಜನ ಸಾಕು. ಇಳಿಜಾರಿನಲ್ಲಿ ಮೇಲೆ ತರಬೇಕಾದರೆ ಮಾತ್ರ ಮೇಲೆ ನಿಂತ ಲಾರಿಯ ವಿಂಚ್ ಕೇಬಲ್ಲಿನಿಂದ ಎಳೆಯಬೇಕು. ಆಗ ಕೇಬಲ್ಲಿನ ನೇರದಲ್ಲಾಗಲಿ, ವಾಹನದ ಹಿಂದೆ ಇಳಿಜಾರಿನಲ್ಲಾಗಲಿ ಒಬ್ಬರೂ ನಿಲ್ಲಬಾರದು, ಮಕ್ಕಳನ್ನು ಬೇಸ್‌ಮೆಂಟಿಗೇ ಬಿಡಬಾರದು.

ಎಳೆಯುವ ವಿಧಾನ ವಾಹನದ ಮೇಲೆ ಅವಲಂಬಿಸಿದೆ. ಎಂಜಿನ್ನಿನ ಶಕ್ತಿ ಯಾವ ಚಕ್ರಗಳಿಗೆ ಹೋಗುತ್ತದೋ ಆ ಚಕ್ರಗಳು ನೆಲದ ಮೇಲೆ ಉರುಳುವಂತೆ ಆಟೊಮ್ಯಾಟಿಕ್ ಕಾರುಗಳನ್ನು ಎಳೆಯಬಾರದು, ಗೇರ್‌ಬಾಕ್ಸ್ ಹಾಳಾಗುತ್ತದೆ. ಎಲೆಕ್ಟ್ರಿಕ್ ಕಾರುಗಳಲ್ಲಿ ಚಕ್ರ ತಿರುಗಿದರೆ ಮೋಟಾರು ವಿದ್ಯುತ್ ಉತ್ಪಾದಿಸತೊಡಗುವುದರಿಂದ ಅಲ್ಲಿಯೂ ಇದೇ ನಿಯಮ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ವಾಹನಗಳನ್ನು ಫ್ಲ್ಯಾಟ್‌ಬೆಡ್ಡಿನ ಮೇಲೆಯೇ ಒಯ್ಯಬೇಕು. ನೆಲಕ್ಕೆ ತೀರ ಹತ್ತಿರವಿರುವ ಕಾರುಗಳಿಗೆ ಟೋಯಿಂಗಿನವರು ಜೀರೊ ಡಿಗ್ರಿ ಎಂದು ಕರೆಯುವ, ಹಲಗೆ ಪೂರ್ತಿ ನೆಲಕ್ಕೆ ತಾಗುವ ಲಾರಿಯನ್ನು ಕೇಳಿ. ದ್ವಿಚಕ್ರ ವಾಹನಗಳನ್ನು ಹ್ಯಾಂಡಲ್ ಲಾಕ್ ಒಡೆಯದೆ ಮುಂದಿನ ಚಕ್ರವನ್ನು ಡಾಲಿಯ ಮೇಲಿಟ್ಟು ಸಾಗಿಸಬಹುದು. ಯಾವ ಕಾರಣಕ್ಕೂ ಗಾಜು ಒಡೆದು, ಬಾಗಿಲು ತೆರೆದು ಗೇರು ಬದಲಿಸಲು ಬಿಡಬೇಡಿ.

ಟೋಯಿಂಗಿನವರ ವಾಹನದ ದಾಖಲೆ, ಚಾಲಕರ ಲೈಸೆನ್ಸ್ ಹಾಗೂ ಹಾನಿಯಾದರೆ ವಿಮೆಯಿದೆಯೇ ಎಂಬುದನ್ನು ಮೊದಲೇ ನೋಡಿ, ದರವನ್ನು ಬರವಣಿಗೆಯಲ್ಲಿ ಪಡೆದು, ಜಿಎಸ್‌ಟಿ ಬಿಲ್ ಕೇಳಿ. ಕೆಲಸಕ್ಕೆ ಮುಂಚೆ ಮತ್ತು ನಂತರ ಮಹಜರು ಬರೆಯಿರಿ: ಸಮಯ, ವಾಹನದ ಸ್ಥಿತಿ, ಹೊರಗಿನಿಂದ ಕಾಣುವ ವಸ್ತುಗಳು, ಹೊಸ ಜಾಗ. ಅದಕ್ಕೆ ಸಮಿತಿಗೆ ಸೇರದ ಇಬ್ಬರು ನಿವಾಸಿಗಳ ಮತ್ತು ಟೋಯಿಂಗ್ ಚಾಲಕರ ಸಹಿ ಇರಲಿ. ಪೊಲೀಸ್ ಪೇದೆಯೊಬ್ಬರು ಬಂದು ನಿಲ್ಲಲು ಒಪ್ಪಿದರೆ ಇನ್ನೂ ಒಳ್ಳೆಯದು.

ಅದೇ ದಿನ ಠಾಣೆಗೂ ಮಾಲೀಕರ ತಿಳಿದ ವಿಳಾಸಕ್ಕೂ ಪತ್ರ ಬರೆದು, ವಾಹನ ಈಗ ಎಲ್ಲಿದೆ, ಬಿಡಿಸಿಕೊಳ್ಳಲು ಯಾರನ್ನು ಕಾಣಬೇಕು ಎಂಬುದನ್ನು ತಿಳಿಸಿ. ವೆಚ್ಚವನ್ನು ನಿವಾಸಿಯಿಂದಾದರೆ ನಿಯಮದಂತೆ ನಿರ್ವಹಣಾ ಬಿಲ್ಲಿನಲ್ಲಿ ಕೇಳಬಹುದು. ಹೊರಗಿನವರಿಂದ ಕೇಳುವಾಗ ಬಿಲ್ಲಿನ ಪ್ರತಿ ಕೊಟ್ಟು ನಿಜವಾದ ಖರ್ಚನ್ನಷ್ಟೇ ಕೇಳಿ. ಹಣ ಕೊಡುವವರೆಗೆ ವಾಹನ ಬಿಡುವುದಿಲ್ಲವೆಂದು ಹಿಡಿದಿಟ್ಟುಕೊಳ್ಳುವುದು ಸರಿಯಲ್ಲ. ಅದನ್ನು ಲೀಗಲ್ ನೋಟಿಸಿನ ಮೂಲಕ ಪ್ರತ್ಯೇಕವಾಗಿ ವಸೂಲು ಮಾಡಬೇಕು.

ನಿಮ್ಮದೇ ವಾಹನವನ್ನು ಎತ್ತಿಸಿದ್ದರೆ

ಮೊದಲು ಸೆಕ್ಯುರಿಟಿಯವರಿಂದ, ನಂತರ 112ರಿಂದ ವಾಹನ ಎಲ್ಲಿದೆಯೆಂದು ತಿಳಿದುಕೊಳ್ಳಿ. ಅಸೋಸಿಯೇಷನ್ ಸ್ಥಳಾಂತರಿಸಿದ್ದರೆ ನಿರ್ಣಯ, ನೋಟಿಸು, ಮಹಜರುಗಳ ಪ್ರತಿಯನ್ನು ಲಿಖಿತವಾಗಿ ಕೇಳಿ. ಅವು ಇಲ್ಲದಿದ್ದರೆ ದೂರು ಕೊಡುವ ಹಕ್ಕು ನಿಮಗಿದೆ. ವಾಹನವನ್ನು ಮುಟ್ಟುವ ಮೊದಲೇ, ಬೆಳಕಿನಲ್ಲಿ, ಸುತ್ತಲೂ ವಿಡಿಯೊ ಮಾಡಿ. ಹಾನಿಯಿದ್ದರೆ ಪಡೆದುಕೊಂಡ ರಸೀದಿಯ ಮೇಲೆಯೇ ಬರೆಯಿರಿ. ಪೊಲೀಸರು ವಶಪಡಿಸಿಕೊಂಡಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಆರ್‌ಸಿ, ವಿಮೆಗಳ ಪ್ರತಿಯೊಂದಿಗೆ ಅರ್ಜಿ ಸಲ್ಲಿಸಬಹುದು. ವಾಹನಗಳನ್ನು ಠಾಣೆಯ ಆವರಣದಲ್ಲಿ ದೀರ್ಘಕಾಲ ಕೊಳೆಯಲು ಬಿಡಬಾರದೆಂದು ಸುಪ್ರೀಂ ಕೋರ್ಟ್ 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿಯೇ ಹೇಳಿದೆ.

ಮಾಲೀಕರು ಸಿಕ್ಕರೂ ವಾಹನ ಬೇಡವೆಂದರೆ

ವರ್ಷಗಳಿಂದ ನಿಂತ ಹಳೆಯ ಸ್ಕೂಟರು, ಕಾರುಗಳ ವಿಷಯದಲ್ಲಿ "ನೀವೇ ಏನಾದರೂ ಮಾಡಿಕೊಳ್ಳಿ" ಎಂಬ ಉತ್ತರ ಅಪರೂಪವಲ್ಲ. ಈ ಬಾಯಿಮಾತನ್ನು ನಂಬಿ ಗುಜರಿಯವರಿಗೆ ಕೊಡಬೇಡಿ. ವಾಹನದ ಮೇಲೆ ಬ್ಯಾಂಕಿನ ಸಾಲವಿರಬಹುದು, ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಒಬ್ಬರಿಗಿಂತ ಹೆಚ್ಚಿರಬಹುದು. ಬಿಡಿಭಾಗಗಳಾಗಿ ಹೋದ ವಾಹನದ ನಂಬರ್ ಪ್ಲೇಟು ಬೇರೆ ಕಡೆ ಬಳಕೆಯಾದರೆ ತನಿಖೆ ನಿಮ್ಮ ಗೇಟಿಗೇ ಬಂದು ನಿಲ್ಲುತ್ತದೆ. 2021ರ ನಿಯಮಗಳಡಿ ನೋಂದಾಯಿತವಾದ ವಾಹನ ಗುಜರಿ ಕೇಂದ್ರಕ್ಕೆ ಮಾಲೀಕರೇ ಆರ್‌ಸಿ ಮತ್ತು ಗುರುತಿನ ದಾಖಲೆಯೊಂದಿಗೆ ವಾಹನ ಒಪ್ಪಿಸಿ, ಹಾಗೆ ಒಪ್ಪಿಸಿದ್ದಕ್ಕೆ ಪುರಾವೆಯಾದ ಠೇವಣಿ ಪ್ರಮಾಣಪತ್ರ ಪಡೆಯಬೇಕು. ಬಳಕೆಗೆ ಬಾರದಂತಾದ ವಾಹನದ ಬಗ್ಗೆ 14 ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ತಿಳಿಸುವುದು ಮೋಟಾರು ವಾಹನಗಳ ಕಾಯ್ದೆಯ 55ನೇ ಕಲಮಿನಂತೆ ಅವರದೇ ಕರ್ತವ್ಯ. ಟೋಯಿಂಗ್ ಗಾಡಿಯ ಖರ್ಚನ್ನು ಅಸೋಸಿಯೇಷನ್ ಭರಿಸಲು ಒಪ್ಪಿದರೆ ಎಷ್ಟೋ ಮಾಲೀಕರು ಆ ಒಂದು ದಿನ ಬಂದು ಸಹಿ ಹಾಕುತ್ತಾರೆ. ಜಾಗದ ಬೆಲೆಯನ್ನು ನೋಡಿದರೆ ಅದು ದುಬಾರಿಯಲ್ಲ. ಪ್ರಮಾಣಪತ್ರದ ಒಂದು ಪ್ರತಿಯನ್ನು ಅಸೋಸಿಯೇಷನ್ನಿನ ಕಡತದಲ್ಲಿಟ್ಟು, ಇನ್ನೊಂದನ್ನು ಠಾಣೆಗೆ ಕೊಟ್ಟು, ಹಿಂದೆ ಕೊಟ್ಟ ಅರ್ಜಿಯನ್ನು ಮುಕ್ತಾಯಗೊಳಿಸುವಂತೆ ಬರೆದುಕೊಡಿ.